ಅತಿಚಟುವಟಿಕೆಯ ಮಕ್ಕಳು: ಮಾತ್ರೆ ಒಂದೇ, ಫಲ ಬೇರೆ ಏಕೆ?

ಕೆಲವು ಮಕ್ಕಳು ಒಂದೆಡೆ ಕೂರಲಾರರು. ಹೇಳಿದ ಮಾತನ್ನು ಪೂರ್ತಿ ಕೇಳಲಾರರು. ಹಿಡಿದ ಕೆಲಸವನ್ನು ಮುಗಿಸಲಾರರು. ಇಂತಹ ನಡವಳಿಕೆಯು 12 ವರ್ಷಕ್ಕೆ ಮೊದಲೇ ತಲೆದೋರಿ, ಮನೆ ಮತ್ತು ಶಾಲೆ ಎರಡರಲ್ಲಿಯೂ ಆರು ತಿಂಗಳಿಗೆ ಮೀರಿ ಕಂಡುಬಂದು, ಕಲಿಕೆಗೆ ಅಡ್ಡಿಯಾದಾಗ ವೈದ್ಯರು ಅದನ್ನು ಗಮನಕೊರತೆಯ ಅತಿಚಟುವಟಿಕೆ, ಅಂದರೆ ಎ.ಡಿ.ಎಚ್.ಡಿ. ಎಂದು ಗುರುತಿಸುತ್ತಾರೆ. ಇದು ತಾಯಿಯ ಮುದ್ದಿನ ಫಲವಲ್ಲ. ಇದಕ್ಕೆ ಕೊಡುವ ಮುಖ್ಯ ಔಷಧಿ ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ. ಚಂಚಲ ಮಗುವಿಗೆ ಉತ್ತೇಜಕವೇ ಎಂದು ನೀವು ಬೆರಗಾಗಬಹುದು. ಗಮನವನ್ನು ಹಿಡಿದಿಡುವ ಮಿದುಳಿನ ಭಾಗಗಳಲ್ಲಿ ಡೋಪಮೈನ್ ಮೊದಲಾದ ರಾಸಾಯನಿಕಗಳ ಕೆಲಸವನ್ನು ಅದು ಬಲಪಡಿಸುವುದರಿಂದಲೇ ಮಗು ನೆಮ್ಮದಿಯಾಗಿ ಕೂರುತ್ತದೆ.

ಹತ್ತು ಮಕ್ಕಳಲ್ಲಿ ಸುಮಾರು ಏಳು ಮಂದಿಗೆ ಇದರಿಂದ ಗುಣ ಕಾಣುತ್ತದೆ. ಉಳಿದವರಿಗೆ ಬೇರೆ ಔಷಧಿಗಳುಂಟು. ಆದರೆ ‘ಮಾತ್ರೆ ಹಿಡಿಸಲಿಲ್ಲ’ ಎಂದು ಕೈಬಿಡುವ ಮುನ್ನ ಗಡಿಯಾರವನ್ನು ನೋಡಬೇಕು. ಸಾಮಾನ್ಯ ಮಾತ್ರೆಯ ಪ್ರಭಾವ ಮೂರು ನಾಲ್ಕು ಗಂಟೆಗಳು ಮಾತ್ರ. ದೇವರಮನೆಯ ಸುತ್ತಣ ತೋಟಗಳಲ್ಲಿ ತಾಯಿ ಬೆಳಿಗ್ಗೆ ಬೇಗನೆ ಕೆಲಸಕ್ಕೆ ಹೋಗಬೇಕಾಗಿದ್ದು, ಆರೂವರೆಗೇ ಮಾತ್ರೆ ಕೊಟ್ಟಳೆಂದುಕೊಳ್ಳಿ. ಶಾಲೆಯ ಗಂಟೆ ಹತ್ತಕ್ಕೆ ಬಾರಿಸುವ ವೇಳೆಗೆ ಅದರ ಶಕ್ತಿ ಮುಗಿಯುತ್ತ ಬಂದಿರುತ್ತದೆ. ಲೈನ್ ಮನೆಯಲ್ಲಿ ಸುಮ್ಮನಿದ್ದ ಮಗು ತರಗತಿಯಲ್ಲಿ ಎಂದಿನಂತೆಯೇ ಓಡಾಡುತ್ತದೆ. ಉಪಾಧ್ಯಾಯರು ಔಷಧಿ ನಿಷ್ಫಲವೆನ್ನುತ್ತಾರೆ. ಇಲ್ಲಿ ತಪ್ಪಿದುದು ವೇಳೆ, ಔಷಧಿಯಲ್ಲ. ಇದನ್ನು ವೈದ್ಯರಿಗೆ ತಿಳಿಸಿದರೆ ವೇಳೆಯನ್ನು ಬದಲಿಸಿಯಾರು, ಅಥವಾ ದೀರ್ಘಕಾಲ ಕೆಲಸಮಾಡುವ ಮಾತ್ರೆಯನ್ನು ಬರೆದುಕೊಟ್ಟಾರು. ನೀವಾಗಿಯೇ ಎರಡು ಮಾತ್ರೆ ನುಂಗಿಸಬೇಡಿ.

ಪ್ರಮಾಣವೂ ಮಗುವಿನಿಂದ ಮಗುವಿಗೆ ಬೇರೆ. ತೂಕ ನೋಡಿದ ಮಾತ್ರಕ್ಕೆ ಅದು ಗೊತ್ತಾಗದು. ಸ್ವಲ್ಪದಿಂದ ಆರಂಭಿಸಿ, ವಿಚಾರಿಸುತ್ತ ಏರಿಸಬೇಕು. 1999ರಲ್ಲಿ ಪ್ರಕಟವಾದ, ಅಮೆರಿಕದ 579 ಮಕ್ಕಳ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ಊರಿನ ವೈದ್ಯರಲ್ಲಿಗೆ ಹೋದ ಮಕ್ಕಳಲ್ಲಿಯೂ ಮೂರರಲ್ಲಿ ಎರಡು ಪಾಲು ಔಷಧಿ ಪಡೆದಿದ್ದರು. ಆದರೂ ತಿಂಗಳು ತಿಂಗಳೂ ಕರೆಸಿ, ಉಪಾಧ್ಯಾಯರ ಅಭಿಪ್ರಾಯ ಪಡೆದು ಪ್ರಮಾಣ ಹೊಂದಿಸಿದ ಗುಂಪೇ ಹೆಚ್ಚು ಗುಣ ಹೊಂದಿತು. ತಂದೆ ಅಥವಾ ತಾಯಿ ಸ್ವತಃ ಖಿನ್ನತೆಯಿಂದ ಬಳಲುತ್ತಿದ್ದೆಡೆ ಮಗುವಿಗೆ ದೊರೆತ ಫಲ ಕಡಿಮೆಯಾಗಿತ್ತು. ಆದ್ದರಿಂದ ತಾಯಂದಿರೇ, ಮಗುವನ್ನು ಕರೆತಂದಾಗ ನಿಮ್ಮ ನಿದ್ರೆ, ನಿಮ್ಮ ಬೇಸರಗಳ ವಿಷಯವನ್ನೂ ಸಂಕೋಚವಿಲ್ಲದೆ ಹೇಳಿ. ಅದೂ ಚಿಕಿತ್ಸೆಯ ಭಾಗವೇ.

ಆರು ವರ್ಷದೊಳಗಿನ ಮಕ್ಕಳಲ್ಲಿ ಫಲ ಕಡಿಮೆ, ಕಿರಿಕಿರಿ ಹೆಚ್ಚು. ಅವರಿಗೆ ಮೊದಲು ಪಾಲಕರ ತರಬೇತಿಯೇ ಯೋಗ್ಯ. ಬುದ್ಧಿಯ ಬೆಳವಣಿಗೆ ಹಿಂದುಳಿದ ಅಥವಾ ಆಟಿಸಂ ಇರುವ ಮಕ್ಕಳಲ್ಲಿ ಹೆಚ್ಚಿನ ಎಚ್ಚರ ಬೇಕು. ಕಿವಿ ಮಂದವಾಗಿದ್ದು ಪಾಠ ಕೇಳಿಸದ ಮಗುವಿಗೆ ಈ ಮಾತ್ರೆ ಏನನ್ನೂ ಮಾಡದು. ನಿದ್ರೆಗೆಟ್ಟ ಮಗುವೂ ಅತಿಚಟುವಟಿಕೆಯ ಮಗುವಿನಂತೆಯೇ ಕಾಣುತ್ತದೆ. ನಮ್ಮ ಕಾಫಿ ಸೀಮೆಯಲ್ಲಿ ಮಕ್ಕಳಿಗೂ ಲೋಟ ತುಂಬ ಕಾಫಿ ಕೊಡುವ ಮನೆಗಳುಂಟು. ಕಾಫಿಯೂ ಉತ್ತೇಜಕವೇ, ಆದರೆ ಮಾತ್ರೆಯ ಕೆಲಸವನ್ನು ಅದು ಮಾಡದು, ರಾತ್ರಿಯ ನಿದ್ರೆಯನ್ನು ಕೆಡಿಸೀತು.

ಮಾತ್ರೆ ಹಸಿವನ್ನು ಕುಗ್ಗಿಸುತ್ತದೆ. ಶಾಲೆಯ ಬಿಸಿಯೂಟವನ್ನು ಮಗು ಹಾಗೆಯೇ ಬಿಟ್ಟೀತು. ಬೆಳಿಗ್ಗೆ ರೊಟ್ಟಿಯನ್ನೋ ಕಡುಬನ್ನೋ ತಿನ್ನಿಸಿದ ನಂತರವೇ ಮಾತ್ರೆ ಕೊಡಿ. ರಾತ್ರಿ ಹಸಿವು ಮರಳಿದಾಗ ಹೊಟ್ಟೆ ತುಂಬ ಬಡಿಸಿ. ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ಆಗಾಗ್ಗೆ ಅಳೆಯಿಸಬೇಕು. ಮನೆತನದಲ್ಲಿ ಹೃದ್ರೋಗವಿದ್ದರೆ ಮೊದಲೇ ತಿಳಿಸಿ.

ಕೊನೆಯದಾಗಿ, ಮಾತ್ರೆ ಕೈಯಲ್ಲಿರಬೇಕು. ಇದು ಷೆಡ್ಯೂಲ್ ಎಕ್ಸ್‌ಗೆ ಸೇರಿದ ಔಷಧಿ. ಚೀಟಿಯ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇರಿಸಿಕೊಳ್ಳುತ್ತಾರೆ. ಆದ್ದರಿಂದ ಎಲ್ಲ ಅಂಗಡಿಗಳಲ್ಲಿಯೂ ದೊರೆಯದು. ಆಷಾಢದ ಮಳೆಯಲ್ಲಿ ಗುಡ್ಡ ಕುಸಿದು ಬಸ್ಸು ನಿಂತಾಗ ಪೇಟೆಗೆ ಹೋಗುವುದು ಹೇಗೆ? ಎರಡು ವಾರದ ಮಾತ್ರೆ ಉಳಿದಿರುವಾಗಲೇ ಹೊರಡಿ. ಹೊರಡುವಾಗ ಮಾತ್ರೆ ಕೊಟ್ಟ ವೇಳೆ, ಊಟ, ನಿದ್ರೆಗಳನ್ನು ಬರೆದ ಹಾಳೆಯನ್ನೂ, ಉಪಾಧ್ಯಾಯರ ಎರಡು ಸಾಲಿನ ಪತ್ರವನ್ನೂ ಜೊತೆಗೆ ತನ್ನಿ. ಪ್ರಯಾಣ ಸಾಧ್ಯವಾಗದ ದಿನಗಳಲ್ಲಿ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯಲ್ಲಿ ಸಲಹೆ ಕೇಳಬಹುದು.