ಮಗು ಬಂದ ಮನೆ: ಮೊದಲ ಎಂಟು ವರ್ಷಗಳ ಶ್ರಾವಕಾಚಾರ

ಮಗು ಹುಟ್ಟಿದ ಮನೆಯಲ್ಲಿ ಎರಡು ಪಟ್ಟಿಗಳು ಒಟ್ಟಿಗೆ ಶುರುವಾಗುತ್ತವೆ. ಒಂದು ಆಸ್ಪತ್ರೆಯಿಂದ ಬಂದ ತಾಯಿ ಕಾರ್ಡಿನದು: ಯಾವ ವಾರ ಯಾವ ಲಸಿಕೆ, ಯಾವಾಗ ತೂಕ ನೋಡಿಸಬೇಕು, ಎಂದಿನಿಂದ ಮೇಲಾಹಾರ. ಇನ್ನೊಂದು ಅಜ್ಜಿಯ ಬಾಯಲ್ಲಿರುವುದು: ಸೂತಕ ಎಷ್ಟು ದಿನ, ನಾಮಕರಣ ಎಂದು, ಬಸದಿಗೆ ಮೊದಲ ಸಲ ಯಾವಾಗ, ಬಾಣಂತಿ ಏನು ತಿನ್ನಬಹುದು, ಏನು ತಿನ್ನಬಾರದು. ಹೆಚ್ಚಿನ ದಿನಗಳಲ್ಲಿ ಎರಡೂ ಜೊತೆಯಾಗಿ ಸಾಗುತ್ತವೆ. ಕೆಲವೊಮ್ಮೆ ಒಂದಕ್ಕೊಂದು ಅಡ್ಡ ಬಂದಂತೆ ಕಾಣುತ್ತದೆ. ಆಗ ನಡುವೆ ಸಿಕ್ಕಿಕೊಳ್ಳುವವಳು ನಿದ್ದೆಗೆಟ್ಟ ತಾಯಿ.

ಇಂಥ ಹೊತ್ತಿನಲ್ಲಿ ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು? ಉತ್ತರ ಶಾಸ್ತ್ರದಲ್ಲೇ ಇದೆ.

ಐದು ಅತಿಚಾರಗಳು

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಶ್ರಾವಕರ ವ್ರತಗಳನ್ನೂ ಆ ವ್ರತಗಳಿಗೆ ತಗಲುವ ದೋಷಗಳನ್ನೂ ಹೇಳುತ್ತದೆ. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಶಕ್ತಿ ಮೀರಿ ಹೊರೆ ಹೊರಿಸುವುದು, ಹಸಿದವರಿಗೆ ಅನ್ನ ನೀರು ತಡೆಯುವುದು ಎಂದು ಇವುಗಳ ಅರ್ಥ. ಇಲ್ಲಿ ‘ವಧ’ ಎಂದರೆ ಕೊಲ್ಲುವುದಲ್ಲ, ಕೋಲು ಬೆತ್ತಗಳಿಂದ ಹೊಡೆಯುವುದು ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ.

ಈ ಮಾತುಗಳನ್ನು ಸಾಮಾನ್ಯವಾಗಿ ಕೊಟ್ಟಿಗೆಯ ದನ, ಗಾಡಿಯ ಎತ್ತು, ಮನೆಯ ಆಳುಗಳ ವಿಷಯದಲ್ಲಿ ವಿವರಿಸಲಾಗುತ್ತದೆ. ನಮ್ಮನ್ನೇ ನಂಬಿಕೊಂಡಿರುವ ಯಾವ ಜೀವಕ್ಕೂ ಇವು ಅನ್ವಯಿಸುತ್ತವೆ. ಹಸುಗೂಸಿಗಿಂತ, ಹಸಿ ಬಾಣಂತಿಗಿಂತ ಹೆಚ್ಚು ನಂಬಿಕೊಂಡ ಜೀವ ಮನೆಯಲ್ಲಿ ಬೇರೆ ಯಾವುದಿದೆ? ಮುಂದೆ ಬರುವ ದಿನಚರಿಯ ವಿಷಯಗಳನ್ನು ಈ ಅಳತೆಯಿಂದಲೇ ನೋಡಬಹುದು.

ಸೂತಕದ ದಿನಗಳು

ಕರ್ನಾಟಕದ ದಿಗಂಬರ ಮನೆತನಗಳಲ್ಲಿ ಜನನ ಸೂತಕವನ್ನು ಸಾಮಾನ್ಯವಾಗಿ ಕುಟುಂಬಕ್ಕೆ ಹತ್ತು ದಿನ, ಹೆತ್ತ ತಾಯಿಗೆ ನಲವತ್ತರಿಂದ ನಲವತ್ತೈದು ದಿನ ಎಂದು ಪಾಲಿಸುತ್ತಾರೆ. ಊರು, ಮನೆತನಗಳಿಗೆ ತಕ್ಕಂತೆ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ. ಬಸದಿಯ ಇಂದ್ರರನ್ನೋ ಪುರೋಹಿತರನ್ನೋ ಉಪಾಧ್ಯೆಯರನ್ನೋ ಕೇಳಿದರೆ ತಿಳಿಯುತ್ತದೆ.

ಸೂತಕದ ನಿರ್ಬಂಧ ಜಿನಪೂಜೆ, ಅಭಿಷೇಕ, ಆಹಾರದಾನಗಳಿಗೆ ಸಂಬಂಧಿಸಿದ್ದು. ಆಸ್ಪತ್ರೆಗೆ ಸಂಬಂಧಿಸಿದ್ದಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹುಟ್ಟಿದಾಗಿನ ಲಸಿಕೆಗಳ ನಂತರದ ಸರದಿ ಬರುವುದು ಆರನೆಯ ವಾರಕ್ಕೆ, ಅಂದರೆ 42ನೆಯ ದಿನಕ್ಕೆ. ನಲವತ್ತೈದು ದಿನ ಹೊಸಿಲು ದಾಟಬಾರದು ಎಂದು ಕೂತರೆ ಆ ಲಸಿಕೆ ಮುಂದಕ್ಕೆ ಹೋಗುತ್ತದೆ. ಜನನ ನೋಂದಣಿಗೂ 21 ದಿನಗಳ ಅವಧಿ ಇದೆ. ಹೆಸರು ಇನ್ನೂ ಇಟ್ಟಿಲ್ಲವೆಂದು ಕಾಯುವ ಅಗತ್ಯವಿಲ್ಲ, ನೋಂದಣಿ ಮಾಡಿಸಿ ಹೆಸರನ್ನು ಆಮೇಲೆ ಸೇರಿಸಬಹುದು.

ಬಸದಿಗೆ ಹೋಗಲಾಗದ ಆ ದಿನಗಳಲ್ಲಿ ತಾಯಿ ಧರ್ಮದಿಂದ ದೂರವಾದಳೆಂದೂ ಅಲ್ಲ. ಪಂಚ ನಮಸ್ಕಾರ ಮಂತ್ರವನ್ನು ಶುಚಿ, ಅಶುಚಿ ಯಾವ ಸ್ಥಿತಿಯಲ್ಲೂ ಮನಸ್ಸಿನಲ್ಲಿ ಸ್ಮರಿಸಬಹುದು ಎಂಬುದು ಪರಂಪರೆಯ ಮಾತು. ಮಗುವಿಗೆ ಹಾಲೂಡುತ್ತ ಮನಸ್ಸಿನಲ್ಲೇ ಣಮೋಕಾರ ಹೇಳಿಕೊಳ್ಳುವ ತಾಯಂದಿರು ಎಷ್ಟೋ ಮಂದಿ.

ಬಾಣಂತಿಯ ಊಟ

ಅನ್ನಪಾನನಿರೋಧದ ಮಾತು ನೇರವಾಗಿ ತಟ್ಟುವುದು ಇಲ್ಲಿಯೇ. ಬಾಣಂತಿಗೆ ನೀರು ಹೆಚ್ಚು ಕೊಟ್ಟರೆ ಹೊಟ್ಟೆ ಬರುತ್ತದೆ, ಹಣ್ಣು ಕೊಟ್ಟರೆ ಮಗುವಿಗೆ ಶೀತವಾಗುತ್ತದೆ ಎಂಬ ನಂಬಿಕೆ ನಮ್ಮ ನಾಡಿನ ಎಲ್ಲ ಸಮುದಾಯಗಳಲ್ಲೂ ಇದೆ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿಗಳಷ್ಟು ಹೆಚ್ಚಿನ ಆಹಾರ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು ಹೇಳುತ್ತದೆ. ಬಾಯಾರಿದಾಗೆಲ್ಲ ನೀರೂ ಬೇಕು. ಶೋಧಿಸಿ ಕಾಯಿಸಿದ ನೀರು ಜೈನ ಮನೆಯಲ್ಲಿ ಹೇಗೂ ಇರುತ್ತದೆ. ಅದನ್ನು ತಾಯಿಯ ಕೈಗೆಟಕುವಲ್ಲಿ ಇಡುವುದಷ್ಟೇ ಉಳಿದ ಕೆಲಸ.

ಹಾಲು ಹೆಚ್ಚಲು ಬೆಳ್ಳುಳ್ಳಿ ಕೊಡಿ ಎಂದು ನೆರೆಹೊರೆಯವರು ಹೇಳುವುದುಂಟು. ಬೆಳ್ಳುಳ್ಳಿ ತಿನ್ನದ ಮನೆಗಳ ಬಾಣಂತಿಯರೂ ತಲೆಮಾರುಗಳಿಂದ ಮಕ್ಕಳಿಗೆ ಹಾಲುಣಿಸಿ ಬೆಳೆಸಿದ್ದಾರೆ. ಮೆಂತ್ಯ, ಜೀರಿಗೆ, ಓಮ, ಮೆಣಸು, ಒಣಶುಂಠಿ, ತುಪ್ಪ, ಅಂಟಿನುಂಡೆ, ಹೆಸರುಬೇಳೆ ತೊವ್ವೆ, ಸೊಪ್ಪಿನ ಪಲ್ಯ ಎಲ್ಲವೂ ನಮ್ಮ ಅಡುಗೆಮನೆಯ ಬಾಣಂತಿ ಊಟವೇ. ಹಾಲು ಹೆಚ್ಚುವುದಕ್ಕೆ ಮುಖ್ಯ ಕಾರಣ ಮಗು ಮತ್ತೆ ಮತ್ತೆ ಚೀಪುವುದು ಎಂಬುದನ್ನೂ ನೆನಪಿಡಬೇಕು.

ಗಮನಿಸಬೇಕಾದ ಇನ್ನೊಂದು ಅಂಶ ವಿಟಮಿನ್ ಬಿ12. ಸಸ್ಯಾಹಾರಿಗಳಿಗೆ ಇದು ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ತಾಯಿಯಲ್ಲಿ ಇದರ ಕೊರತೆ ಇದ್ದರೆ ಎದೆಹಾಲು ಕುಡಿಯುವ ಮಗುವಿನಲ್ಲೂ ಕೊರತೆಯಾಗಿ ನರಗಳ ಬೆಳವಣಿಗೆಗೆ ತೊಂದರೆಯಾಗಬಹುದು. ಗರ್ಭಿಣಿಯಿದ್ದಾಗಲೇ ವೈದ್ಯರಿಗೆ ತಮ್ಮ ಆಹಾರಕ್ರಮ ತಿಳಿಸಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ರಾತ್ರಿ ಹಸಿವಾದರೆ?

ಹೊಸ ತಾಯಂದಿರು ಕೇಳಲು ಸಂಕೋಚಪಡುವ ಪ್ರಶ್ನೆ ಇದು. ಸಂಜೆ ಆರಕ್ಕೆ ಊಟ ಮುಗಿಸಿದ ತಾಯಿ ರಾತ್ರಿ ಮೂರು ನಾಲ್ಕು ಸಲ ಎದ್ದು ಹಾಲುಣಿಸುತ್ತಾಳೆ. ಎರಡು ಗಂಟೆಯ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ರಾತ್ರಿಭೋಜನ ತ್ಯಾಗದ ನಿಯಮವಿರುವ ಮನೆಯಲ್ಲಿ ಅವಳೇನು ಮಾಡಬೇಕು?

ಸೋಲಹ ಕಾರಣ, ಅಂದರೆ ಷೋಡಶಕಾರಣ ಭಾವನೆಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ಮಾತನ್ನು ಸೇರಿಸಿದೆ. ಗೃಹಸ್ಥರು ನಿಯಮ ತೆಗೆದುಕೊಳ್ಳುವಾಗ ನೀರು, ಹಾಲು, ಔಷಧಿಗೆ ವಿನಾಯಿತಿ ಇಟ್ಟುಕೊಳ್ಳುವುದೂ ರೂಢಿಯಲ್ಲಿದೆ. ನಿಯಮ ತೆಗೆದುಕೊಂಡಿರುವ ತಾಯಿ ಹೆರಿಗೆಗೆ ಮೊದಲೇ ಮುನಿಗಳ, ಮಾತಾಜಿಯವರ ಅಥವಾ ಮನೆಯ ಪುರೋಹಿತರ ಬಳಿ ಈ ಅವಧಿಯ ಬಗ್ಗೆ ಕೇಳಿಕೊಂಡರೆ ಮನಸ್ಸಿಗೆ ಅಳುಕಿರುವುದಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ಅವಸರದ ಒಂದು ಊಟದ ಬದಲು ಮಧ್ಯಾಹ್ನ ಮೂರಕ್ಕೊಂದು, ಸಂಜೆಗೊಂದು ಎಂದು ಎರಡು ಹೊತ್ತು ಬಡಿಸಿದರೆ ರಾತ್ರಿಯ ಹಸಿವೂ ತಗ್ಗುತ್ತದೆ.

ದಶಲಕ್ಷಣ ಪರ್ವದ ಉಪವಾಸಗಳಿಗೂ ಇದೇ ಮಾತು. ಹಾಲುಣಿಸುವ ತಾಯಿ ಆ ಹತ್ತು ದಿನ ಸ್ವಾಧ್ಯಾಯ ಕೇಳಬಹುದು, ಒಂದು ರಸ ಬಿಡಬಹುದು. ಅತ್ತೆ, ನಾದಿನಿ ಉಪವಾಸ ಮಾಡಿದರೆಂದು ತಾನೂ ಮಾಡಬೇಕಿಲ್ಲ. ಹಾಗೆ ಒತ್ತಾಯಿಸುವುದು ಅತಿಭಾರಾರೋಪಣವಾಗುತ್ತದೆ. ತಾಯಿಯ ಮನಸ್ಸಿನ ಭಾರವೂ ಇದರಲ್ಲಿ ಸೇರಿತು. ಹೆರಿಗೆಯಾದ ಹೊಸದರಲ್ಲಿ ಸುಮ್ಮನೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಅಳು, ನಿರಾಸೆ ತಗ್ಗದಿದ್ದರೆ ‘ದೃಷ್ಟಿಯಾಗಿದೆ’ ಎಂದು ಕೂರದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಜೇನು ಬೇಡ, ಎರಡು ಕಾರಣಗಳಿಂದ

ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರುವ ಪದ್ಧತಿ ಹಲವೆಡೆ ಇದೆ. ಅಷ್ಟಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜೊತೆಗೆ ಮಧು, ಅಂದರೆ ಜೇನಿನ ತ್ಯಾಗವೂ ಇರುವುದರಿಂದ ಜೈನ ಮನೆಗೆ ಇದು ಸಲ್ಲದು. ವೈದ್ಯರೂ ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡದು ಎನ್ನುತ್ತಾರೆ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲವು. ಕೆಮ್ಮಿನ ಔಷಧಿ, ಘುಟ್ಟಿಗಳಲ್ಲಿ ಜೇನು ಸೇರಿರುವುದುಂಟು, ಚೀಟಿ ಓದಿ ನೋಡಬೇಕು. ಮಕ್ಕಳ ವಿಟಮಿನ್ ಗಮ್ಮಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರಬಹುದು. ವೈದ್ಯರು ಬರೆದ ಔಷಧಿಯಲ್ಲಿ ಅಂಥದ್ದು ಕಂಡರೆ ತಾವಾಗಿ ನಿಲ್ಲಿಸದೆ ಬದಲಿ ಔಷಧಿ ಕೇಳಿ ಪಡೆಯಬೇಕು.

ಹೆಸರು ಮತ್ತು ಮೊದಲ ಅನ್ನ

ಜಿನಸೇನಾಚಾರ್ಯರ ಆದಿಪುರಾಣ ಗರ್ಭಾನ್ವಯ ಕ್ರಿಯೆಗಳು 53 ಎಂದು ಹೇಳುತ್ತದೆ. ಮಗುವಿನ ಬಾಲ್ಯಕ್ಕೆ ಸೇರಿದವು ಅವುಗಳಲ್ಲಿ ಕೆಲವು. ಹನ್ನೆರಡು ದಿನಗಳ ನಂತರ ನಾಮಕರಣ. ಜಿನೇಂದ್ರರ 1008 ನಾಮಗಳನ್ನು ಚೀಟಿಗಳಲ್ಲಿ ಬರೆದು ಘಟದಲ್ಲಿಟ್ಟು ಒಂದನ್ನು ಎತ್ತಿ ಹೆಸರಿಡುವ ವಿಧಿಯನ್ನು ಅಲ್ಲಿ ಹೇಳಲಾಗಿದೆ. ಹೆಸರಿಗಾಗಿ ಮೊಬೈಲಿನಲ್ಲಿ ಹುಡುಕಿ ಬೇಸತ್ತವರಿಗೆ ಇದು ಒಳ್ಳೆಯ ದಾರಿ. ಎರಡರಿಂದ ನಾಲ್ಕು ತಿಂಗಳೊಳಗೆ ಮಗುವನ್ನು ಹೊರಗೆ ಕರೆತರುವ ಬಹಿರ್ಯಾನ, ಆಮೇಲೆ ಅನ್ನಪ್ರಾಶನ, ವರ್ಷ ತುಂಬಿದಾಗ ವ್ಯುಷ್ಟಿ, ಐದನೆಯ ವರ್ಷಕ್ಕೆ ಲಿಪಿಸಂಖ್ಯಾನ.

ಅನ್ನಪ್ರಾಶನವನ್ನು ಏಳೆಂಟನೆಯ ತಿಂಗಳಲ್ಲಿ ಮಾಡುವ ಮನೆಗಳುಂಟು. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ, ತುಂಬಿದ ಕೂಡಲೇ ಮೇಲಾಹಾರ ಎಂಬುದು ವೈದ್ಯರ ಮಾತು. ಇವೆರಡನ್ನು ಹೊಂದಿಸುವುದು ಸುಲಭ. ಮೇಲಾಹಾರವನ್ನು ಸಮಯಕ್ಕೆ ಶುರುಮಾಡಿ, ವಿಧಿಯನ್ನು ನೆಂಟರಿಷ್ಟರಿಗೆ ಅನುಕೂಲವಾದ ಶುಭದಿನ ಇಟ್ಟುಕೊಳ್ಳಬಹುದು. ಮುಹೂರ್ತಕ್ಕಾಗಿ ಹಸಿದ ಮಗುವನ್ನು ಎರಡು ತಿಂಗಳು ಕಾಯಿಸಬಾರದು.

ಮೇಲಾಹಾರದ ಪಟ್ಟಿಯಲ್ಲಿ ಆಲೂಗಡ್ಡೆ, ಕ್ಯಾರೆಟ್ ಇರುತ್ತವೆ. ಕಂದಮೂಲ ಬಿಟ್ಟವರು ಗಾಬರಿಯಾಗಬೇಕಿಲ್ಲ. ಕ್ಯಾರೆಟ್ಟಿನಿಂದ ಸಿಗುವ ಎ ಜೀವಸತ್ವ ಸಿಹಿಗುಂಬಳ, ಪರಂಗಿ, ಮಾವಿನಹಣ್ಣುಗಳಲ್ಲೂ ಇದೆ. ಆಲೂಗಡ್ಡೆಯ ಜಾಗಕ್ಕೆ ಬಾಳೆಹಣ್ಣು, ಅನ್ನ, ಮೊಳಕೆ ಕಟ್ಟಿ ಸೋಸಿದ ರಾಗಿಯ ಸರಿ ಬರುತ್ತವೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಕಬ್ಬಿಣಾಂಶಕ್ಕಾಗಿ ರಾಗಿ, ಹೆಸರುಕಾಳು, ಕಡಲೆಯನ್ನು ಹೆಚ್ಚಿಸಿ, ಜೊತೆಗೆ ನಿಂಬೆ ಅಥವಾ ನೆಲ್ಲಿಯ ರಸ ಸೇರಿಸಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆರಡು ಬಾರಿ ಸರಕಾರ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿ ಪಡೆಯಬೇಕು.

ದೊಡ್ಡ ಮಗುವಿನ ಪಾಡು

ಮನೆಯಲ್ಲಿ ಮೂರು ನಾಲ್ಕು ವರ್ಷದ ಇನ್ನೊಂದು ಮಗು ಇದ್ದರೆ ಅದರ ಜಗತ್ತು ಒಂದೇ ದಿನದಲ್ಲಿ ಬದಲಾಗುತ್ತದೆ. ಅಮ್ಮನ ಮಗ್ಗುಲು ಹೋಯಿತು. ಬಂದವರೆಲ್ಲ ತೊಟ್ಟಿಲ ಕಡೆಗೇ ನಡೆಯುತ್ತಾರೆ. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಬಹುದು, ಪಾಪುವನ್ನು ಚಿವುಟಬಹುದು. ‘ನೀನೀಗ ದೊಡ್ಡವನು, ನೀನೇ ಸುಧಾರಿಸಿಕೊಳ್ಳಬೇಕು’ ಎಂಬ ಮಾತು ಮೂರು ವರ್ಷದ ಹೆಗಲಿಗೆ ಹೊರಿಸಿದ ಅತಿಭಾರ. ಆಗ ಬೀಳುವ ಏಟು ವಧವೆಂಬ ಅತಿಚಾರ. ಇರುವೆಯನ್ನು ತುಳಿಯಬೇಡ ಎಂದು ಕಲಿಸಿದ ಕೈಯೇ ಹೊಡೆದರೆ ಮಗು ನೆನಪಿಟ್ಟುಕೊಳ್ಳುವುದು ಏಟನ್ನು.

ಆದಿಪುರಾಣದ ಒಂದು ಸನ್ನಿವೇಶ ಇಲ್ಲಿ ದಾರಿ ತೋರುತ್ತದೆ. ವೃಷಭದೇವ ತನ್ನ ಹೆಣ್ಣುಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಗಳನ್ನೂ ಕಲಿಸಿದ. ತಂದೆಯೇ ಕಲಿಸಿದ ಎಂಬುದು ಗಮನಿಸಬೇಕಾದ ಮಾತು. ಪಾಪು ಬಂದ ಮನೆಯಲ್ಲಿ ದೊಡ್ಡ ಮಗುವನ್ನು ದಿನಕ್ಕೆ ಅರ್ಧ ಗಂಟೆ ತನ್ನದೇ ಜೊತೆಗೆ ಇಟ್ಟುಕೊಳ್ಳುವುದು ತಂದೆಯ ಪಾಲಿನ ಕೆಲಸ. ಬೆಳಿಗ್ಗೆ ಬಸದಿಗೆ ಕರೆದೊಯ್ದರೂ ಸಾಕು. ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಪುಂಜ ಇಡುವುದು, ಗಂಧೋದಕ ಹಣೆಗೆ ಹಚ್ಚಿಕೊಳ್ಳುವುದು, ಗಂಟೆ ಬಾರಿಸಲು ಅಪ್ಪ ಎತ್ತಿ ಹಿಡಿಯುವುದು ಮಕ್ಕಳಿಗೆ ಆಟದಷ್ಟೇ ಇಷ್ಟ. ಹತ್ತು ನಿಮಿಷದಲ್ಲಿ ರಗಳೆ ಶುರುವಾದರೆ ಹೊರಗೆ ಬಂದುಬಿಡಬಹುದು, ನಾಳೆ ಮತ್ತೆ ಹೋಗಬಹುದು.

ಎಂಟು ವರ್ಷ ಏಕೆ?

ಮಗುವನ್ನು ಮೊದಲ ಸಲ ಜಿನದರ್ಶನಕ್ಕೆ ಕರೆತಂದಾಗ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಿ ಅಷ್ಟಮೂಲಗುಣಗಳನ್ನು ಕೊಡಿಸುತ್ತಾರೆ: ಮದ್ಯ, ಮಾಂಸ, ಮಧು ಮತ್ತು ಆಲ, ಅರಳಿ, ಅತ್ತಿ ಮೊದಲಾದ ಐದು ಉದುಂಬರ ಫಲಗಳ ತ್ಯಾಗ. ನಿದ್ದೆಗಣ್ಣಿನ ಕೂಸಿಗೆ ಇದೇನೂ ತಿಳಿಯದು. ಎಂಟು ವರ್ಷ ತುಂಬುವ ಮೊದಲು ತಾನಾಗಿ ವ್ರತ ಸ್ವೀಕರಿಸುವ ಯೋಗ್ಯತೆ ಬರುವುದಿಲ್ಲ ಎಂಬುದು ನಮ್ಮ ಶಾಸ್ತ್ರಗಳ ಅಭಿಪ್ರಾಯ. ಅಲ್ಲಿಯವರೆಗೆ ಆ ನಿಯಮದ ಹೊಣೆ ತಂದೆ ತಾಯಿಯದು.

ಆದ್ದರಿಂದ ಐದು ವರ್ಷದ ಮಗು ಹುಟ್ಟುಹಬ್ಬದ ಮನೆಯಲ್ಲಿ ತಿನ್ನಬಾರದ ಕೇಕು ತಿಂದು ಬಂದರೆ ‘ಪಾಪ ಬಂತು’ ಎಂದು ಹೆದರಿಸುವುದು ಸರಿಯಲ್ಲ. ಮುಂದಿನ ಸಲ ಮೊಟ್ಟೆಯಿಲ್ಲದ ತಿಂಡಿಯ ಡಬ್ಬಿ ಕಟ್ಟಿಕೊಡುವುದು, ಆ ಮನೆಯವರಿಗೆ ಮೊದಲೇ ಒಂದು ಮಾತು ಹೇಳುವುದು ಹೆತ್ತವರ ಕೆಲಸ. ಕೆಲಸ ಮುಗಿಸಿ ಏಳಕ್ಕೆ ಮನೆ ಸೇರುವ ದಂಪತಿ ಮಗುವಿನ ಊಟವನ್ನು ಸೂರ್ಯಾಸ್ತಕ್ಕೆ ಮುಂಚೆ ಮುಗಿಸುವಂತೆ ಅಜ್ಜಿಗೋ ಶಿಶುವಿಹಾರದವರಿಗೋ ಹೇಳಿ ವ್ಯವಸ್ಥೆ ಮಾಡಬೇಕಾಗುತ್ತದೆ. ಆಮೇಲೂ ಹಸಿವು ಎಂದರೆ ಹಾಲು ಕೊಡಬಹುದು. ಅಳುವ ಮಗುವನ್ನು ಹಸಿದು ಮಲಗಿಸಿ ನಿಯಮ ಉಳಿಸಿಕೊಂಡೆವು ಎಂದುಕೊಂಡರೆ ಅಣುವ್ರತಕ್ಕೇ ಅತಿಚಾರ ತಗಲಿತು.

ಎಂಟು ತುಂಬಿದ ದಿನ ಮಗುವನ್ನು ಮತ್ತೆ ಬಸದಿಗೆ ಕರೆದೊಯ್ದು, ಅಂದು ಕೊಡಿಸಿದ ಅಷ್ಟಮೂಲಗುಣಗಳನ್ನು ಈಗ ತನ್ನ ಬಾಯಿಂದಲೇ ಹೇಳಿಸಿ ಸ್ವೀಕರಿಸುವಂತೆ ಮಾಡುವ ಮನೆಗಳಿವೆ. ಅಷ್ಟು ವರ್ಷ ಹೊಟ್ಟೆತುಂಬ ಉಂಡು, ಏಟು ತಿನ್ನದೆ, ಅಪ್ಪನ ಕೈ ಹಿಡಿದು ಬಸದಿಯ ಮೆಟ್ಟಿಲು ಹತ್ತಿದ ಮಗುವಿಗೆ ಅಹಿಂಸೆ ಎಂದರೇನೆಂದು ಆಗ ಹೊಸದಾಗಿ ವಿವರಿಸಬೇಕಾಗುವುದಿಲ್ಲ.