ಇಲ್ಲದ ಸಿ.ಡಿ.ಯನ್ನು ಹೊರಗೆ ತೆಗೆಯುವುದು ಹೇಗೆ?



ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯ ಒಂದು ಶಾಲೆಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಅಲ್ಲಿನ ಏಳನೆಯ ತರಗತಿಯ ಮಕ್ಕಳು ಮಳೆಗಾಲದ ಉದ್ದಕ್ಕೂ ಮಳೆಮಾಪಕ ಇಟ್ಟು, ದಿನದಿನದ ಮಳೆಯನ್ನು ಅಳೆದು ನೋಟ್‌ಪುಸ್ತಕದಲ್ಲಿ ಬರೆದಿದ್ದರು. ಆ ಲೆಕ್ಕವನ್ನೆಲ್ಲ ಶಾಲೆಯ ಕಂಪ್ಯೂಟರಿನಲ್ಲಿ ಕುಳಿತು ನನ್ನ ಪೆನ್ ಡ್ರೈವ್‌ಗೆ ತುಂಬಿಸಿಕೊಟ್ಟರು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಪರದೆಯ ಮೇಲೆ ಕೆಲಸ ಮುಗಿದಂತೆ ಕಂಡಿತು. ಪೆನ್ ಡ್ರೈವನ್ನು ಹಾಗೆಯೇ ಕಿತ್ತು ಜೇಬಿಗೆ ಹಾಕಿಕೊಂಡೆ. ಮಾರನೆಯ ದಿನ ನೋಡಿದರೆ ಕಡತದ ಹೆಸರಿದೆ, ಕಡತ ತೆರೆಯುತ್ತಿಲ್ಲ!

ನೋಟ್‌ಪುಸ್ತಕ ಇದ್ದದ್ದರಿಂದ ಲೆಕ್ಕ ಉಳಿಯಿತು. ಆದರೆ ಮಕ್ಕಳು ಎಲ್ಲವನ್ನೂ ಮತ್ತೊಮ್ಮೆ ತುಂಬಿಸಬೇಕಾಯಿತು. ಆಗ ಒಬ್ಬ ಹುಡುಗಿ ಕೇಳಿದಳು: "ಮುಗೀತು ಅಂತ ಕಂಪ್ಯೂಟರೇ ತೋರಿಸ್ತಲ್ಲ ಸಾರ್, ಅದು ಸುಳ್ಳು ಹೇಳ್ತಾ?"

ಒಳ್ಳೆಯ ಪ್ರಶ್ನೆ, ಅಲ್ಲವೇ? ಬನ್ನಿ, ಉತ್ತರ ಹುಡುಕೋಣ.

ಅವಸರ ಮಾಡಿದರೆ ಅರ್ಧ ಗೂಡು

ನಿಮ್ಮಲ್ಲಿ ಅನೇಕರ ಮನೆಯಲ್ಲಿ ರೇಷ್ಮೆ ಸಾಕಣೆ ಇದೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವುದನ್ನು ನೀವು ನೋಡಿದ್ದೀರಿ. ಗೂಡು ಕಟ್ಟಿ ಮುಗಿಸಲು ಹುಳುವಿಗೆ ಎರಡು ಮೂರು ದಿನ ಬೇಕು. ಹೊರಗಿನಿಂದ ನೋಡಿದರೆ ಮೊದಲ ದಿನವೇ ಗೂಡಿನ ಆಕಾರ ಕಾಣುತ್ತದೆ. ಹಾಗೆಂದು ಅಂದೇ ಬಿಡಿಸಿದರೆ? ಮೆತ್ತನೆಯ ಅರ್ಧ ಗೂಡು ಕೈಗೆ ಬರುತ್ತದೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ.

ಪೆನ್ ಡ್ರೈವ್‌ನಲ್ಲಿಯೂ ಹೀಗೆಯೇ. ಪೆನ್ ಡ್ರೈವ್‌ಗೆ ಬರೆಯುವುದು ಕಂಪ್ಯೂಟರಿನ ಮಟ್ಟಿಗೆ ನಿಧಾನದ ಕೆಲಸ. ಆದ್ದರಿಂದ ಅನೇಕ ಸಂದರ್ಭಗಳಲ್ಲಿ ಕಂಪ್ಯೂಟರ್ ಮಾಹಿತಿಯನ್ನು ಮೊದಲು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು, ನಿಮಗೆ "ಮುಗಿಯಿತು" ಎಂದು ತೋರಿಸಿಬಿಡುತ್ತದೆ. ಆಮೇಲೆ ಬಿಡುವು ನೋಡಿಕೊಂಡು ಕಂತುಕಂತಾಗಿ ಡ್ರೈವ್‌ಗೆ ಬರೆಯುತ್ತದೆ. ಕೊನೆಯ ಕಂತು ತಲುಪುವ ಮೊದಲೇ ಕಿತ್ತರೆ ಕಡತ ಅರ್ಧವಾಗುತ್ತದೆ. ಕಂಪ್ಯೂಟರ್ ಸುಳ್ಳು ಹೇಳಲಿಲ್ಲ. "ನಾನು ಕೈಗೆ ತೆಗೆದುಕೊಂಡೆ" ಎಂದು ಅದು ಹೇಳಿತು, "ತಲುಪಿಸಿಬಿಟ್ಟೆ" ಎಂದು ನಾನು ತಿಳಿದೆ.

"ಸುರಕ್ಷಿತವಾಗಿ ತೆಗೆಯಿರಿ" ಎಂಬ ಸೂಚನೆಯನ್ನು ಒತ್ತಿದಾಗ ಉಳಿದ ಕಂತುಗಳನ್ನೆಲ್ಲ ಬರೆದು ಮುಗಿಸಿ, ಆಮೇಲೆ "ಈಗ ತೆಗೆಯಬಹುದು" ಎಂದು ಕಂಪ್ಯೂಟರ್ ತಿಳಿಸುತ್ತದೆ.

ಬಾಗಿಲಿಗೆ ಬೀಗ, ಪಕ್ಕದಲ್ಲಿ ಸಣ್ಣ ರಂಧ್ರ

ಹಳೆಯ ಕಂಪ್ಯೂಟರುಗಳಲ್ಲಿ ಸಿ.ಡಿ. ಡ್ರೈವ್ ಇರುತ್ತದೆ. ಅದರ ಗುಂಡಿ ಒತ್ತಿದರೆ ತಟ್ಟೆ ಹೊರಗೆ ಬರುತ್ತದೆ. ಆದರೆ ಕೆಲವು ಸಲ ಎಷ್ಟು ಒತ್ತಿದರೂ ಬರುವುದಿಲ್ಲ. ಏಕೆ? ಕಂಪ್ಯೂಟರ್ ಅದಕ್ಕೆ "ನಾನು ಓದುತ್ತಿದ್ದೇನೆ, ಬಾಗಿಲು ತೆರೆಯಬೇಡ" ಎಂದು ಆಜ್ಞೆ ಮಾಡಿರುತ್ತದೆ.

ಕಂಪ್ಯೂಟರ್ ಮತ್ತು ಡ್ರೈವ್ ಸಂಖ್ಯೆಗಳಲ್ಲಿ ಮಾತನಾಡುತ್ತವೆ. ಈ ಮಾತುಕತೆಗೆ ಸ್ಕಸಿ ಎಂಬ ಒಂದು ಒಪ್ಪಿತ ಭಾಷೆ ಇದೆ. ಅದರಲ್ಲಿ 30ನೆಯ ಸಂಖ್ಯೆಯ ಆಜ್ಞೆಯು ಬೀಗದ ಆಜ್ಞೆ. ಅದರ ಜೊತೆ 1 ಎಂದು ಕಳಿಸಿದರೆ "ಹೊರಗೆ ಬಿಡಬೇಡ", 0 ಎಂದು ಕಳಿಸಿದರೆ "ಇನ್ನು ಬಿಡಬಹುದು" ಎಂದರ್ಥ. 27ನೆಯ ಆಜ್ಞೆಯಿಂದ ಡಿಸ್ಕನ್ನು ಹೊರಗೆ ಹಾಕಿಸಬಹುದು.

ಬೀಗ ಹಾಕಿದ ಕಂಪ್ಯೂಟರೇ ನಡುವೆ ಸ್ತಬ್ಧವಾಗಿಬಿಟ್ಟರೆ? 0 ಎಂದು ಹೇಳುವವರೇ ಇಲ್ಲ! ಇಂಥ ಹೊತ್ತಿಗೆಂದೇ ಅನೇಕ ಸಿ.ಡಿ. ಡ್ರೈವ್‌ಗಳ ಮುಂಭಾಗದಲ್ಲಿ ಒಂದು ಸಣ್ಣ ರಂಧ್ರವಿದೆ. ವಿದ್ಯುತ್ ಆರಿಸಿ, ನೇರ ಮಾಡಿದ ಜೆಮ್ ಕ್ಲಿಪ್ಪನ್ನು ಅದರೊಳಗೆ ಒತ್ತಿದರೆ ತಟ್ಟೆ ಮೆಲ್ಲಗೆ ಹೊರಗೆ ಬರುತ್ತದೆ. ಅದು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ತಟ್ಟೆಯೇ ಇಲ್ಲದ ಸಿ.ಡಿ.

ಈಗ ಇನ್ನೊಂದು ವಿಚಿತ್ರ ನೋಡೋಣ. ಸಿ.ಡಿ.ಯಲ್ಲಿರುವ ಮಾಹಿತಿಯನ್ನೆಲ್ಲ ಹಾಗೆಯೇ ಒಂದು ಕಡತವನ್ನಾಗಿ ಮಾಡಿ ಇಡಬಹುದು. ಆ ಕಡತವನ್ನು ಒಂದು ಪುಟ್ಟ ಕಂಪ್ಯೂಟರಿನಲ್ಲಿಟ್ಟು, ಅದನ್ನು ಯುಎಸ್‌ಬಿ ತಂತಿಯಿಂದ ದೊಡ್ಡ ಕಂಪ್ಯೂಟರಿಗೆ ಜೋಡಿಸಿದರೆ, ಪುಟ್ಟದು "ನಾನೊಂದು ಸಿ.ಡಿ. ಡ್ರೈವ್" ಎಂದು ದೊಡ್ಡದಕ್ಕೆ ಹೇಳಿಕೊಳ್ಳಬಲ್ಲದು. ದೊಡ್ಡದು ನಂಬುತ್ತದೆ! ಇದನ್ನು ಕಲ್ಪಿತ ಡಿಸ್ಕ್ ಎನ್ನಬಹುದು. ಹೀಗೆ ವೇಷ ಹಾಕಿ ಮಾತನಾಡುವ ಕೆಲಸವನ್ನು ಪುಟ್ಟ ಕಂಪ್ಯೂಟರಿನೊಳಗಿನ ಚಾಲಕ ತಂತ್ರಾಂಶ ಮಾಡುತ್ತದೆ.

2010ರ ಆಸುಪಾಸಿನಲ್ಲಿ ಬಂದ ಅನೇಕ 3ಜಿ ಡೇಟಾ ಕಾರ್ಡ್‌ಗಳು ಇದೇ ಆಟ ಆಡುತ್ತಿದ್ದವು. ಚುಚ್ಚಿದ ಕೂಡಲೇ ಸಿ.ಡಿ.ಯಂತೆ ಕಾಣಿಸಿಕೊಂಡು, ತಮಗೆ ಬೇಕಾದ ತಂತ್ರಾಂಶವನ್ನು ತಾವೇ ಒದಗಿಸುತ್ತಿದ್ದವು. ಆಮೇಲೆ ಕಂಪ್ಯೂಟರಿನಿಂದ "ಸಿ.ಡಿ.ಯನ್ನು ಹೊರಗೆ ಹಾಕು" ಎಂಬಂಥ ಒಂದು ಆಜ್ಞೆ ಬಂದರೆ ಸಿ.ಡಿ. ಮಾಯವಾಗಿ, ಇಂಟರ್ನೆಟ್ ಕೊಡುವ ಮೋಡೆಮ್ ಪ್ರತ್ಯಕ್ಷ!

ಇದರಿಂದ ದೊಡ್ಡ ಉಪಯೋಗವೂ ಇದೆ. ಬೆಂಗಳೂರಿನ ಒಂದು ಕಚೇರಿಯ ಕಂಪ್ಯೂಟರ್ ಕೆಟ್ಟಿದೆ, ಸರಿಪಡಿಸುವವರು ಚಿಂತಾಮಣಿಯಲ್ಲಿದ್ದಾರೆ ಎಂದುಕೊಳ್ಳಿ. ರಾಸ್ಪ್‌ಬೆರಿ ಪೈ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಂಪ್ಯೂಟರನ್ನು ಅದಕ್ಕೆ ಜೋಡಿಸಿಟ್ಟಿದ್ದರೆ ಸಾಕು. ಇಲ್ಲಿಂದಲೇ ಇಂಟರ್ನೆಟ್ ಮೂಲಕ ಕಲ್ಪಿತ ಸಿ.ಡಿ.ಯನ್ನು ಹಾಕಿ ದುರಸ್ತಿ ಮಾಡಬಹುದು.

ಕಡತಕ್ಕೆ ಜೆಮ್ ಕ್ಲಿಪ್ ಚುಚ್ಚುವುದೆಲ್ಲಿ?

ಆದರೆ ದೊಡ್ಡ ಕಂಪ್ಯೂಟರ್ ಕಲ್ಪಿತ ಸಿ.ಡಿ.ಗೂ "30, 1" ಎಂದು ಬೀಗ ಹಾಕುತ್ತದೆ. ಅದಕ್ಕೇನು ಗೊತ್ತು, ಇದು ಬರೀ ವೇಷ ಎಂದು! ಇಲ್ಲಿ ಕಬ್ಬಿಣದ ಬೀಗವಿಲ್ಲ. ಪುಟ್ಟ ಕಂಪ್ಯೂಟರಿನ ಮೆಮೊರಿಯಲ್ಲಿ "ಬಿಡಬಾರದು" ಎಂಬ ಒಂದು ಗುರುತು, ಅಷ್ಟೇ. ಆ ಗುರುತು ಇರುವವರೆಗೆ ಸಿ.ಡಿ. ಬದಲಿಸಲು ಹೋದರೆ "ಡಿಸ್ಕ್ ಬಳಕೆಯಲ್ಲಿದೆ" ಎಂಬ ಉತ್ತರ ಬರುತ್ತದೆ. ದೊಡ್ಡ ಕಂಪ್ಯೂಟರ್ ಸ್ತಬ್ಧವಾದರೆ ಗುರುತು ಅಳಿಸುವವರಿಲ್ಲ. ತಟ್ಟೆಯೂ ಇಲ್ಲ, ರಂಧ್ರವೂ ಇಲ್ಲ!

ಲಿನಕ್ಸ್ ಎಂಬುದು ಜಗತ್ತಿನ ಅನೇಕರು ಸೇರಿ ಬೆಳೆಸುತ್ತಿರುವ ಉಚಿತ ತಂತ್ರಾಂಶ. ಡಿಸ್ಕಿನ ವೇಷ ಹಾಕುವ ಅದರ ಚಾಲಕ ತಂತ್ರಾಂಶಕ್ಕೆ 2022ರಲ್ಲಿ ಒಂದು ಹೊಸ ಸೌಲಭ್ಯ ಸೇರಿತು. ಅದರ ಹೆಸರು ಫೋರ್ಸ್ಡ್ ಇಜೆಕ್ಟ್. ಅಂದರೆ ಬಲವಂತವಾಗಿ ಹೊರತೆಗೆಯುವುದು. ಪುಟ್ಟ ಕಂಪ್ಯೂಟರಿನಲ್ಲಿ ಅದಕ್ಕೆಂದು ಗೊತ್ತುಮಾಡಿದ ಜಾಗದಲ್ಲಿ ಏನಾದರೂ ಒಂದು ಅಕ್ಷರ ಬರೆದರೆ ಸಾಕು. ಮೊದಲು ಬೀಗದ ಗುರುತು ಅಳಿಯುತ್ತದೆ, ನಂತರ ಕಡತ ಡ್ರೈವ್‌ನಿಂದ ಬಿಡುಗಡೆಯಾಗುತ್ತದೆ. ಹಳೆಯ ಸಿ.ಡಿ. ಡ್ರೈವಿನ ಸಣ್ಣ ರಂಧ್ರವನ್ನೇ ಈಗ ತಂತ್ರಾಂಶದಲ್ಲಿ ಕೊರೆದಂತಾಯಿತು!

ಬಲವಂತ ಯಾವಾಗ ಸರಿ?

ಇಲ್ಲಿ ಚೆನ್ನಾಗಿ ಯೋಚಿಸಬೇಕು. ಓದಲು ಮಾತ್ರ ಬರುವ ಕಲ್ಪಿತ ಸಿ.ಡಿ.ಯನ್ನು ಬಲವಂತದಿಂದ ತೆಗೆದರೆ ಅದರಲ್ಲಿರುವ ಮಾಹಿತಿ ಕೆಡುವುದಿಲ್ಲ. ಓದುತ್ತಿದ್ದ ಕೆಲಸ ಮಾತ್ರ ನಿಲ್ಲುತ್ತದೆ. ಆದರೆ ಬರೆಯಲೂ ಬರುವ ಕಲ್ಪಿತ ಡಿಸ್ಕ್ ಆದರೆ? ದೊಡ್ಡ ಕಂಪ್ಯೂಟರಿನ ಮೆಮೊರಿಯಲ್ಲೇ ಉಳಿದ ಕಂತುಗಳು ಡಿಸ್ಕಿಗೆ ತಲುಪುವುದೇ ಇಲ್ಲ. ನನ್ನ ಪೆನ್ ಡ್ರೈವ್‌ನ ಮಳೆ ಲೆಕ್ಕದ ಗತಿಯೇ ಅದಕ್ಕೂ ಆಗುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಕೇಳಿ, ಆಮೇಲೆ ಕಾಯಿರಿ, ಉತ್ತರವೇ ಬಾರದಿದ್ದಾಗ ಮಾತ್ರ ಬಲವಂತ ಮಾಡಿ. ಬೀಗ ಇರುವುದು ನಮ್ಮನ್ನು ಕಾಡಿಸಲು ಅಲ್ಲ, ಯಾರದೋ ಕೆಲಸ ಇನ್ನೂ ಮುಗಿದಿಲ್ಲ ಎಂದು ತಿಳಿಸಲು.

ನೀವೇ ಆಡಿ ನೋಡಿ

ಮೂವರು ಸೇರಿ. ಒಬ್ಬರು 1ರಿಂದ 20ರವರೆಗಿನ ಸಂಖ್ಯೆಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಎರಡನೆಯವರಿಗೆ ಬೇಗ ಬೇಗ ಕೊಡಲಿ. ಎರಡನೆಯವರು ಐದು ಚೀಟಿ ಕೂಡಿದ ಮೇಲೆ ಮೂರನೆಯವರಿಗೆ ದಾಟಿಸಲಿ. ಮೂರನೆಯವರು ಸ್ಲೇಟಿನಲ್ಲಿ ನಿಧಾನವಾಗಿ, ದುಂಡಗೆ ಬರೆಯಲಿ. ಮೊದಲನೆಯವರು "ಮುಗಿಯಿತು" ಎಂದ ಕೂಡಲೇ ಸ್ಲೇಟನ್ನು ಕಿತ್ತುಕೊಳ್ಳಿ. ಎಷ್ಟು ಸಂಖ್ಯೆಗಳು ಸ್ಲೇಟಿನಲ್ಲಿವೆ? ಉಳಿದವು ಎಲ್ಲಿವೆ? ಎರಡನೆಯ ಸಲ, ಮೂರನೆಯವರು "ಈಗ ತೆಗೆಯಿರಿ" ಎನ್ನುವವರೆಗೆ ಕಾದು ನೋಡಿ.

ನಿಮಗೆ ತಿಳಿದಿರಲಿ

ಯುಎಸ್‌ಬಿಯ ಮೊದಲ ಮಾನದಂಡ 1996ರಲ್ಲಿ ಪ್ರಕಟವಾಯಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಅಜಯ್ ಭಟ್ ಅವರು ನಮ್ಮ ದೇಶದವರು. ವಡೋದರಾದಲ್ಲಿ ಎಂಜಿನಿಯರಿಂಗ್ ಓದಿದವರು.

ಅಂದ ಹಾಗೆ, ಮಳೆ ಲೆಕ್ಕವನ್ನು ಎರಡನೆಯ ಸಲ ತುಂಬಿಸಿದ ಮೇಲೆ ಅದೇ ಹುಡುಗಿ ನನ್ನ ಕೈ ತಡೆದು, "ತಡೀರಿ ಸಾರ್, ಅದು ಹೇಳಲಿ" ಎಂದಳು. ಇಬ್ಬರೂ ಕಾದೆವು. ಪರದೆಯ ಮೇಲೆ ಅಪ್ಪಣೆ ಬಂತು. ಆಮೇಲೆಯೇ ತೆಗೆದೆ. ಬಸ್ಸು ತಪ್ಪಲಿಲ್ಲ.