ಎರಡೇ ಮಿನಿಟಿನ ಕೆಲಸ

ಮಾರ್ಚ್ 31 ಹತ್ತಿರ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳಲ್ಲಿ ಫ್ಯಾನಿನ ಸದ್ದಿಗಿಂತ ‘ಬಿಲ್ ಹೋಯ್ತೇನ್ರಿ?’ ಅನ್ನುವ ಸದ್ದೇ ಜೋರು. ಅಷ್ಟರೊಳಗೆ ಖಜಾನೆಗೆ ಬಿಲ್ ಸೇರದಿದ್ದರೆ ಅನುದಾನ ಲ್ಯಾಪ್ಸ್. ಬಿಸಿಲು ಆಗಲೇ ಏರಿರುತ್ತದೆ. ಆದರೆ ಈ ಭಾಗದ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ಬೇಸಿಗೆ ವೇಳಾಪಟ್ಟಿ ಸಿಗುವುದು ಏಪ್ರಿಲ್‌ನಲ್ಲಿ, ಅಂದರೆ ತಲೆಬಿಸಿಯೆಲ್ಲ ಮುಗಿದ ಮೇಲೆ.

ಜೇವರ್ಗಿ ಕಾಲೋನಿಯಿಂದ ದಿನವೂ ಕಚೇರಿಗೆ ಬರುವ ಒಬ್ಬ ಪ್ರಥಮ ದರ್ಜೆ ಸಹಾಯಕಿಯನ್ನು ಊಹಿಸಿಕೊಳ್ಳಿ. ಜಿಲ್ಲೆಯ 11 ತಾಲ್ಲೂಕುಗಳ ಖರ್ಚಿನ ತಃಖ್ತೆ ಸಂಜೆಯೊಳಗೆ ಸಿದ್ಧವಾಗಬೇಕು. ನಾಳೆ ರಾತ್ರಿ ಬೆಂಗಳೂರಿನ ರೈಲು, ಮರುದಿನ ಪ್ರಗತಿ ಪರಿಶೀಲನಾ ಸಭೆ. ಆಳಂದ, ಅಫಜಲಪುರ, ಚಿತ್ತಾಪುರ ಮುಗಿಸಿ ಕಮಲಾಪುರದ ಸಾಲಿಗೆ ಬಂದಿದ್ದಾರೆ. ಆಗಲೇ ಬಾಗಿಲಲ್ಲಿ ಯಾರೋ: ‘ಮೇಡಂ, ಎರಡೇ ಮಿನಿಟಿನ ಕೆಲಸ ಅದರಿ.’

ಕೆಲಸ ಕೆಡಲು ಎರಡು ಮಿನಿಟೂ ಬೇಕಿಲ್ಲ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಎರಿಕ್ ಆಲ್ಟ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದಾದ ಮೇಲೊಂದರಂತೆ, ಕ್ರಮ ತಪ್ಪದೆ ಮಾಡಬೇಕಾದ ಕೆಲಸವನ್ನು ಜನರಿಗೆ ಕೊಟ್ಟು ನಡುನಡುವೆ ಅಡ್ಡಿಪಡಿಸಿದರು. ಅಡ್ಡಿಯೂ ದೊಡ್ಡದಲ್ಲ, ಪರದೆಯ ಮೇಲೆ ಮೂಡಿದ ಒಂದೆರಡು ಅಕ್ಷರ ಟೈಪ್ ಮಾಡುವುದಷ್ಟೆ. ಸರಾಸರಿ 2.8 ಸೆಕೆಂಡಿನ ಅಡ್ಡಿಗೆ ಕ್ರಮ ತಪ್ಪುವ ಪ್ರಮಾಣ ಇಮ್ಮಡಿಯಾಯಿತು; 4.4 ಸೆಕೆಂಡಿನದಕ್ಕೆ ಮೂರು ಪಟ್ಟು. ಕಮಲಾಪುರದ ಅಂಕಿ ಕಾಳಗಿಯ ಸಾಲಿಗೆ ಬೀಳುವುದು ಹೀಗೆ. ಅದನ್ನು ಅಜಾಗರೂಕತೆ ಎಂದು ನೋಟಿಸಿನಲ್ಲಿ ಬರೆಯಬಹುದು, ಆದರೆ ಮಿದುಳಿನ ಲೆಕ್ಕ ಬೇರೆ. ಸದ್ಯದ ಕೆಲಸಕ್ಕೆ ಬೇಕಾದುದನ್ನು ಹಿಡಿದಿಟ್ಟುಕೊಳ್ಳುವ ನಮ್ಮ ನೆನಪಿನ ಭಾಗ ಬಹಳ ಚಿಕ್ಕದು. ಒಮ್ಮೆಗೆ ಮೂರೋ ನಾಲ್ಕೋ ಸಂಗತಿ ಅದರ ಮಿತಿ. ‘ಎಲ್ಲಿಯವರೆಗೆ ಬಂದಿದ್ದೆ’ ಎಂಬುದೂ ಅಲ್ಲಿಯೇ ಇರುತ್ತದೆ. ಹೊಸದೊಂದು ಒಳಗೆ ಬಂದರೆ ಮೊದಲು ಮಸುಕಾಗುವುದು ಈ ಗುರುತೇ.

ಬಂದವರು ಹೋದ ಮೇಲೂ ಮನಸ್ಸು ಪೂರ್ತಿ ತಃಖ್ತೆಗೆ ಮರಳುವುದಿಲ್ಲ. ಮುಗಿಯದ ಕೆಲಸದ ಒಂದಂಶ ಮುಂದಿನ ಕೆಲಸಕ್ಕೂ ಅಂಟಿಕೊಂಡು ಬರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ‘ಗಮನದ ಶೇಷ’ ಎಂದು ಕರೆದರು. ಮರಳಿ ಬಂದು ಅವಸರದಲ್ಲಿ ಮುಗಿಸಬೇಕೆಂದು ಗೊತ್ತಿರುವ ಕೆಲಸದ ಶೇಷ ಇನ್ನೂ ಹೆಚ್ಚು. ಇನ್ನು ಅಡ್ಡಿಪಡಿಸುವವರನ್ನೆಲ್ಲ ಬಾಗಿಲಲ್ಲೇ ಹುಡುಕಬೇಕಿಲ್ಲ. ಕಚೇರಿಗಳಲ್ಲಿ ಜನರ ಪಕ್ಕದಲ್ಲೇ ಕೂತು ಗಡಿಯಾರ ಹಿಡಿದು ಅಧ್ಯಯನ ಮಾಡಿದ ಗ್ಲೋರಿಯಾ ಮಾರ್ಕ್ ಕಂಡಂತೆ, ಅಡ್ಡಿಗಳಲ್ಲಿ ಅರ್ಧದ ಹತ್ತಿರ ನಾವೇ ತಂದುಕೊಂಡವು. ಯಾರೂ ಕರೆಯದಿದ್ದರೂ ವಾಟ್ಸ್‌ಆ್ಯಪ್ ತೆರೆದು ನೋಡುವ ಕೈ ನಮ್ಮದೇ.

‘ನಾನು ಏಕಕಾಲಕ್ಕೆ ನಾಲ್ಕು ಕೆಲಸ ಮಾಡಬಲ್ಲೆ’ ಎನ್ನುವವರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಅವರಿಗೆ ಉತ್ತರ ನಮ್ಮಲ್ಲೇ ಇದೆ: ಅವಧಾನ. ಅಷ್ಟಾವಧಾನದಲ್ಲಿ ಅವಧಾನಿಗೆ ಸವಾಲೊಡ್ಡುವ ಎಂಟು ಪೃಚ್ಛಕರು. ಒಬ್ಬರು ಸಮಸ್ಯೆಯ ಸಾಲು ಕೊಟ್ಟು ಪದ್ಯ ತುಂಬಿಸಲು ಹೇಳುತ್ತಾರೆ, ಇನ್ನೊಬ್ಬರು ಬಳಸಲೇಬೇಕಾದ ಪದಗಳನ್ನು ಕೊಡುತ್ತಾರೆ, ಮತ್ತೊಬ್ಬರು ಹೆಜ್ಜೆಹೆಜ್ಜೆಗೂ ‘ಈ ಅಕ್ಷರ ಬೇಡ’ ಎಂದು ನಿಷೇಧ ಹೇರುತ್ತಾರೆ. ಸಂಖ್ಯಾಬಂಧದವರು ಮಾಯಾಚೌಕದ ಯಾವುದೋ ಮನೆಯ ಸಂಖ್ಯೆಯನ್ನು ಯಾವಾಗ ಬೇಕಾದರೂ ಕೇಳಬಹುದು. ಇವರೆಲ್ಲರ ನಡುವೆ ಅಪ್ರಸ್ತುತ ಪ್ರಸಂಗಿ. ಅವರ ಕೆಲಸವೇ ಸಂಬಂಧವಿಲ್ಲದ ಮಾತೆತ್ತಿ ಅವಧಾನಿಯ ಗಮನ ಕೆಡಿಸುವುದು. ಅಡ್ಡಿಪಡಿಸಲೆಂದೇ ಒಬ್ಬರನ್ನು ಗೌರವದಿಂದ ಕರೆದು ವೇದಿಕೆಯಲ್ಲಿ ಕೂರಿಸುವ ಕಲೆ ಇನ್ನೊಂದಿರಲಿಕ್ಕಿಲ್ಲ. ಉಳಿದ ಕಡೆ ಅವರು ಕರೆಯದೇ ಬರುತ್ತಾರೆ.

ಅವಧಾನಿ ಎಂಟನ್ನೂ ಒಟ್ಟಿಗೆ ಮಾಡುತ್ತಾರೆ ಎಂದು ಸಭೆಗೆ ತೋರುತ್ತದೆ. ಹತ್ತಿರದಿಂದ ನೋಡಿದರೆ ಹಾಗಲ್ಲ. ಒಂದು ಸುತ್ತಿನಲ್ಲಿ ಪದ್ಯ ಕೇಳಿದ ಒಬ್ಬೊಬ್ಬರಿಗೆ ಒಂದೊಂದು ಪಾದ. ಮುಂದಿನ ಸುತ್ತಿನಲ್ಲಿ ಎರಡನೆಯದು. ನಾಲ್ಕು ಸುತ್ತಾದ ಮೇಲೆ ಧಾರಣೆ, ಎಲ್ಲವನ್ನೂ ನೆನಪಿನಿಂದ ಒಪ್ಪಿಸುವುದು. ಅಂದರೆ ಯಾವ ಕ್ಷಣಕ್ಕೂ ಕೈಯಲ್ಲಿರುವುದು ಒಂದೇ ಕೆಲಸ. ಬಿಡುವುದು ಪಾದದ ಕೊನೆಯಲ್ಲಿ, ನಡುವೆ ಅಲ್ಲ. ‘ಎಲ್ಲಿಯವರೆಗೆ ಬಂದಿದ್ದೆ’ ಎಂಬ ಗುರುತನ್ನು ಛಂದಸ್ಸೇ ಕಾಯ್ದಿಡುತ್ತದೆ. ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನ ಪೂರ್ತಿ ಕನ್ನಡದಲ್ಲೇ ನಡೆಸಿದ ಶತಾವಧಾನದಲ್ಲಿ ಪೃಚ್ಛಕರು ನೂರು ಮಂದಿ. ಅಸಾಧಾರಣ ಪಾಂಡಿತ್ಯವಿಲ್ಲದೆ ಅದು ಆಗದು, ನಿಜ. ಆದರೆ ಪಾಂಡಿತ್ಯದಷ್ಟೇ ದೊಡ್ಡದು ಆ ಶಿಸ್ತು ಎಂದು ನನಗನ್ನಿಸುತ್ತದೆ: ಎಲ್ಲಿ ಬಿಡಬೇಕು, ಬಿಟ್ಟಲ್ಲಿಗೆ ಹೇಗೆ ಮರಳಬೇಕು.

ಕಾರ್ಯ ಬದಲಾವಣೆಯ ಬೆಲೆಯನ್ನು ಮನೋವಿಜ್ಞಾನಿಗಳು ಅಳೆಯಲು ತೊಡಗಿದ್ದು ಇತ್ತೀಚೆಗಲ್ಲ, 1927ರಲ್ಲೇ ಆರ್ಥರ್ ಜರ್ಸಿಲ್ಡ್ ಅಳೆದಿದ್ದರು. 1995ರಲ್ಲಿ ರಾಜರ್ಸ್ ಮತ್ತು ಮಾನ್ಸೆಲ್ ತೋರಿಸಿದ್ದು ಇನ್ನೂ ಕಹಿ: ಬದಲಾವಣೆ ಬರುತ್ತದೆಂದು ಮೊದಲೇ ಗೊತ್ತಿದ್ದರೂ, ಸಿದ್ಧವಾಗಲು ಸಮಯ ಕೊಟ್ಟರೂ ಒಂದಿಷ್ಟು ನಿಧಾನ ಉಳಿದೇ ಉಳಿಯುತ್ತದೆ. ಅದನ್ನು ತಗ್ಗಿಸಬಹುದು, ಇಲ್ಲವಾಗಿಸಲಾಗದು.

ತಗ್ಗಿಸುವ ದಾರಿ ಅವಧಾನಿಯದಕ್ಕೆ ಬಹಳ ಹತ್ತಿರವಿದೆ. ಲೆರಾಯ್ ಮತ್ತು ಥೆರೆಸಾ ಗ್ಲಾಂಬ್ 2018ರಲ್ಲಿ ಪರೀಕ್ಷಿಸಿದ್ದು ಇಷ್ಟೇ: ಎದ್ದು ಹೋಗುವ ಮುನ್ನ, ಎಲ್ಲಿ ನಿಲ್ಲಿಸಿದೆ, ಮರಳಿ ಬಂದು ಮೊದಲು ಏನು ಮಾಡಬೇಕು ಎಂದು ಒಂದೆರಡು ಸಾಲು ಬರೆದಿಡುವುದು. ಬರೆದವರ ಗಮನ ಹೊಸ ಕೆಲಸಕ್ಕೆ ಚೆನ್ನಾಗಿ ಹೊರಳಿತು. ‘ಒಂದ್ ನಿಮಿಷ ತಡೀರಿ’ ಎಂದು ಹೇಳಿ, ‘ಕಮಲಾಪುರ, ಮೂರನೇ ಕಾಲಂ, ಫೆಬ್ರುವರಿ ಖರ್ಚು’ ಎಂದು ಚೀಟಿಯಲ್ಲಿ ಗೀಚಲು ಬೇಕಾಗುವುದು ಹತ್ತು ಸೆಕೆಂಡು. ಬಾಗಿಲಲ್ಲಿ ನಿಂತವರು ಅಷ್ಟು ಕಾಯುತ್ತಾರೆ. ಮೇಲಧಿಕಾರಿ ಫೋನಿನಲ್ಲಿದ್ದರೆ ಕಾಯುವರೋ ಇಲ್ಲವೋ, ಅದು ಮನೋವಿಜ್ಞಾನದ ವಿಷಯವಲ್ಲ, ಆಡಳಿತದ್ದು.

ಅಡ್ಡಿಯನ್ನೇ ನಿಷೇಧಿಸಿದ ಕಡೆಯೂ ಇದೆ. 1974ರಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ಇಳಿಯಬೇಕಿದ್ದ ವಿಮಾನ ನೆಲಕ್ಕಪ್ಪಳಿಸಿ 70ಕ್ಕೂ ಹೆಚ್ಚು ಜನ ಸತ್ತರು. ಕೊನೆಯ ಹೊತ್ತಿನಲ್ಲಿ ಪೈಲಟ್‌ಗಳು ರಾಜಕೀಯ ಮತ್ತು ಹಳೇ ಕಾರುಗಳ ಮಾತಿನಲ್ಲಿದ್ದರು. 1981ರಿಂದ ಅಲ್ಲಿ 10,000 ಅಡಿಗಿಂತ ಕೆಳಗೆ ಕೆಲಸಕ್ಕೆ ಸಂಬಂಧಿಸದ ಮಾತು ಕಾಕ್‌ಪಿಟ್‌ನಲ್ಲಿ ನಿಷಿದ್ಧ. ಖರ್ಚಿನ ತಃಖ್ತೆ ತಪ್ಪಿದರೆ ಯಾರೂ ಸಾಯುವುದಿಲ್ಲ, ಹಾಗಾಗಿ ನಮ್ಮ ಕಚೇರಿಗಳಿಗೆ ಅಂಥ ನಿಯಮ ಬಂದಿಲ್ಲ.

ಇನ್ನು ಆ ಸಹಾಯಕಿಯ ನಾಳೆಯ ಪ್ರಯಾಣ. ಅದು ಈಗಲೇ ಮನಸ್ಸಿನಲ್ಲಿ ಜಾಗ ಹಿಡಿದಿದೆ: ಟಿಕೆಟ್ ಕನ್‌ಫರ್ಮ್ ಆಯಿತೆ, ಬಳಕೆ ಪ್ರಮಾಣಪತ್ರಕ್ಕೆ ಸಹಿ ಬಿತ್ತೆ, ಮಗಳನ್ನು ಶಾಲೆಯಿಂದ ಯಾರು ಕರೆತರುತ್ತಾರೆ. ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಕಂಡಂತೆ, ಬಾಕಿ ಕೆಲಸ ಮನಸ್ಸನ್ನು ಕಾಡುವುದು ನಿಲ್ಲಲು ಅದು ಮುಗಿಯಬೇಕೆಂದೇನಿಲ್ಲ. ಯಾವಾಗ, ಎಲ್ಲಿ, ಹೇಗೆ ಎಂದು ನಿಶ್ಚಯವಾದರೂ ಸಾಕು. ನಿಶ್ಚಯಿಸುವಾಗ ಮಾತ್ರ ನಮ್ಮ ಅಂದಾಜನ್ನು ನಂಬುವಂತಿಲ್ಲ. ಕೆನಡಾದ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕೆಂದರು. ಎಲ್ಲವೂ ಕೆಟ್ಟರೂ 49 ದಿನ ಎಂದರು. ಹಿಡಿದದ್ದು 55ಕ್ಕೂ ಹೆಚ್ಚು. 1994ರ ಈ ಅಧ್ಯಯನವನ್ನು ಓದದೆಯೂ, ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಕಾಯ್ದವರಿಗೆ ಇದು ಗೊತ್ತು.

ಬೆಂಗಳೂರು ಮುಟ್ಟುವ ಮೊದಲೂ ಒಂದು ತೊಡಕಿದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಎಡ ಅರ್ಧ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ ಎಂದು ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ ಮತ್ತು ಯುಕಾ ಸಸಾಕಿ ಅವರ ತಂಡ 2016ರಲ್ಲಿ ವರದಿ ಮಾಡಿತು. ಅದೇ ಜಾಗದಲ್ಲಿ ಮತ್ತೆ ಮಲಗಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಆ ಪ್ರಯೋಗ ನಡೆದದ್ದು ನಿದ್ರಾ ಪ್ರಯೋಗಾಲಯದ ಶಾಂತ ಕೋಣೆಯಲ್ಲಿ; ವಾಡಿ, ಯಾದಗಿರಿ, ರಾಯಚೂರಿನಲ್ಲಿ ನಿಂತು ನಿಂತು ಸಾಗುವ ರೈಲಿನ ಬರ್ತ್‌ನಲ್ಲಿ ನಿದ್ದೆ ಅಷ್ಟೂ ಸಿಗಲಾರದು. ಅಂಥ ರಾತ್ರಿಯ ಮರುದಿನ 11 ಗಂಟೆಯ ಸಭೆಯಲ್ಲಿ, 11 ತಾಲ್ಲೂಕುಗಳ ಅಂಕಿಗಳನ್ನು ಬಾಯಿಪಾಠದಿಂದ ಹೇಳುವ ಧೈರ್ಯ ಬೇಡ. ತಃಖ್ತೆಯ ಎರಡು ಪ್ರತಿ ಚೀಲದಲ್ಲಿರಲಿ, ಒಂದು ಸಾಹೇಬರಿಗೆ.